ಕೂಡುಹುಬ್ಬು

ನಮ್ಮೂರಿನಲ್ಲಿ ನಾಟಕದ ಪಾರ್ಟು ನಾಟಕದ ದಿನ ಮುಗಿಯುವುದಿಲ್ಲ, ಅವತ್ತೇ ಶುರುವಾಗುತ್ತದೆ. ಸುಗ್ಗಿ ಕಳೆದ ಮೊದಲ ಸೋಮವಾರ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಕೋಟೆ ಬಯಲಿನಲ್ಲಿ ನಾಟಕ, ಪ್ರತಿ ವರ್ಷವೂ ಅದೇ ನಾಟಕ. ಅದರಲ್ಲಿ ರಾಜ ಸುಕೀರ್ತಿಯ ಪಾರ್ಟು ಮಾಡಿದವನು ಮುಂದಿನ ಸುಗ್ಗಿಯವರೆಗೆ ಊರಿಗೇ ರಾಜ. ಕೆರೆಯ ತೂಬು ಎತ್ತುವುದು, ಇಳಿಸುವುದು ಅವನ ಮಾತಿನಂತೆ. ಮಂತ್ರಿಯಾದವನನ್ನು ಹೆಣ್ಣು ನೋಡಲು ಹೋಗುವವರು ಜೊತೆಗೆ ಕರೆದೊಯ್ಯುತ್ತಾರೆ. ಹಾಸ್ಯಗಾರನಾದವನು ವರ್ಷವಿಡೀ ಕರೆಯದಿದ್ದರೂ ಯಾರ ಮನೆಯ ಊಟಕ್ಕಾದರೂ ಹೋಗಿ ಕೂರಬಹುದು. ಇನ್ನು ಖಳ ಚಂಡವರ್ಮನಾದವನು ನಾಟಕ ಮುಗಿದೊಡನೆ, ಬಣ್ಣವನ್ನೂ ತೊಳೆಯದೆ, ಹುಣಸೆತೋಪಿನ ಆಚೆಯ ಒಂಟಿಮನೆಗೆ ನಡೆದುಬಿಡಬೇಕು. ಹಗಲು ಎಲ್ಲಿಗಾದರೂ ದುಡಿಯಲು ಹೋಗಲಿ, ಹೊತ್ತು ಮುಳುಗುವಷ್ಟರಲ್ಲಿ ಅಲ್ಲಿಗೆ ಬಂದು ಸೇರಬೇಕು. ಊರಿನಲ್ಲಿ ಕೋಳಿ ಕಳೆಯಲಿ, ಬಾವಿಯ ಹಗ್ಗ ಹರಿಯಲಿ, ಅತ್ತೆ ಆಡಿದ ಮಾತು ಸೊಸೆಯ ತವರಿಗೆ ಮುಟ್ಟಲಿ, ಜನ ಆ ಒಂಟಿಮನೆಯ ಮುಂದೆ ನಿಂತು "ಯಾರು ಮಾಡಿದ್ದು?" ಎಂದು ಕೇಳುತ್ತಾರೆ. ಒಳಗಿನಿಂದ ಅವನು "ನಾನೇ" ಎನ್ನಬೇಕು. ಅಲ್ಲಿಗೆ ತಕರಾರು ತೀರಿತು. ನೆರೆಹೊರೆಯವರು ಒಬ್ಬರ ಮೇಲೊಬ್ಬರು ಕೂಗಾಡಿದ್ದನ್ನು ನಾನು ಹುಟ್ಟಿದಂದಿನಿಂದ ಕಂಡೇ ಇರಲಿಲ್ಲ. ಒಬ್ಬನೇ ಒಂದೇ ಸಮನೆ ಮೂರು ವರ್ಷ ಖಳನಾದರೆ ಮಾತ್ರ ಅವನೂ ಅವನ ಹೆಂಡತಿ ಮಕ್ಕಳೂ ಹೊಳೆ ದಾಟಿ ಹೋಗಬೇಕು, ಮತ್ತೆ ನಮ್ಮ ಕಡೆ ಕಾಲಿಡುವಂತಿರಲಿಲ್ಲ.

ಯಾರಿಗೆ ಯಾವ ಪಾರ್ಟು ಎಂದು ಆರಿಸುತ್ತಿದ್ದವಳು ನಾನು, ಹಾಲವ್ವ. ಊರಿನ ಬಣ್ಣಗಾರ್ತಿ. ನನಗಿಂತ ಮೊದಲು ನಮ್ಮಪ್ಪ, ಅವನಿಗಿಂತ ಮೊದಲು ನಮ್ಮಜ್ಜ. ನಾಟಕಕ್ಕೆ ಹನ್ನೊಂದು ದಿನ ಇರುವಾಗ ಕೋಟೆ ಬಯಲಿನಲ್ಲಿ ಎಲ್ಲರೂ ಬರಿಮುಖದಲ್ಲಿ ಸಾಲಾಗಿ ನಿಲ್ಲುತ್ತಾರೆ. ನಾನು ಎರಡು ಬಟ್ಟಲು ಹಿಡಿದು ಸಾಲಿನುದ್ದಕ್ಕೂ ಹೋಗಿ ಮುಖ ನೋಡುತ್ತೇನೆ. ರಾಜನಿಗೆ ಹಣೆಯ ಮೇಲೆ ಬಿಳಿ ಬೊಟ್ಟು, ಖಳನಿಗೆ ಕರಿ ಬೊಟ್ಟು. ಇಪ್ಪತ್ತಮೂರು ವರ್ಷ ಈ ಕೆಲಸ ಮಾಡಿದ್ದೇನೆ. ಒಂದು ಸಲವೂ ನನ್ನ ಬೆರಳು ತಡೆದಿರಲಿಲ್ಲ. ತಡೆಯುವುದಕ್ಕೆ ಏನಿದೆ? ಕಣ್ಣಿಗೆ ರಾಚುವಂತೆ ಎದುರಿಗೇ ಇರುತ್ತಿತ್ತು. ಮಣ್ಣುದಡದವರಾದ ನಮ್ಮದು ತುಂಬಿದ ಕೆನ್ನೆ, ತೆಳ್ಳನೆಯ ಬಿಡಿಹುಬ್ಬು, ತುದಿ ಮೇಲಕ್ಕೆದ್ದ ಬಾಯಿ. ಸುಮ್ಮನೆ ಕೂತಿದ್ದರೂ ಮುಗುಳ್ನಗುವ ಹಾಗೆ ಕಾಣುತ್ತೇವೆ. ಹೊಳೆಯಾಚೆಯ ಕಲ್ಲುದಡದಿಂದ ಬಂದು ನಮ್ಮಲ್ಲಿ ನೆಲೆಸಿದವರದು ಒಂದನ್ನೊಂದು ಕೂಡಿದ ದಟ್ಟ ಹುಬ್ಬು, ಕೆಳಕ್ಕೆ ಇಳಿಬಿದ್ದ ಬಾಯಿ. ಉಣ್ಣುವಾಗಲೂ ಯಾರ ಮೇಲೋ ಹಲ್ಲು ಮಸೆಯುವ ಹಾಗೆ ಇರುತ್ತಾರೆ. "ಹುಬ್ಬಿನ ನಡುವೆ ಎರಡು ಬೆರಳು ಜಾಗ ಇದ್ರೆ ರಾಜ, ಜಾಗ ಇಲ್ದಿದ್ರೆ ಖಳ. ಇಷ್ಟೇ ವಿದ್ಯೆ ಕಣವ್ವ," ಎಂದು ನಮ್ಮಪ್ಪ ಹೇಳಿಕೊಟ್ಟಿದ್ದ. ಇಪ್ಪತ್ತಮೂರು ವರ್ಷದಲ್ಲಿ ಇಪ್ಪತ್ತಮೂರು ಕರಿ ಬೊಟ್ಟೂ ಕೂಡುಹುಬ್ಬಿನ ಮೇಲೆಯೇ ಬಿದ್ದಿದ್ದವು. ಅದನ್ನು ನಾನು ಅನ್ಯಾಯ ಎಂದುಕೊಂಡಿರಲಿಲ್ಲ. ಕಸುಬು ಎಂದುಕೊಂಡಿದ್ದೆ.

ಬಣ್ಣದ ಕಲ್ಲು ಬರುತ್ತಿದ್ದದ್ದು ಮಾತ್ರ ಕಲ್ಲುದಡದಿಂದ. ಕೆಂಪು, ಹಳದಿ, ಬೂದಿಬಣ್ಣ, ಎಲ್ಲ ಅಲ್ಲಿಯ ಗುಡ್ಡದವು. ಅಲ್ಲಿಂದ ಬಂದು ನಮ್ಮೂರಲ್ಲಿ ನೆಲೆಸಿದ ನಾಲ್ಕೈದು ಹೆಂಗಸರು ಬುಟ್ಟಿ ಹೊತ್ತು ತಂದು ನನ್ನ ಬಣ್ಣದ ಮನೆಯ ಅಂಗಳದಲ್ಲೇ ಅರೆದು ಕೊಟ್ಟು ಹೋಗುತ್ತಿದ್ದರು. ಒಂದು ಸಲ ಹಳದಿಯಲ್ಲಿ ಮರಳು ಬೆರೆತು ಮಂತ್ರಿಯ ಕೆನ್ನೆಯೆಲ್ಲ ಉರಿ ಎದ್ದಿತ್ತು. ಮರುದಿನ ಬಂದ ಹೆಂಗಸನ್ನು ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, ಬುಟ್ಟಿ ಇಳಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು ಹೇಳಿದಳು: "ಅಕ್ಕ, ಹಳದಿ ತಂದೋಳು ಬರಮವ್ವ. ನಾನು ಹುಲಿಗಿ. ಹತ್ತು ವರ್ಷದಿಂದ ನಿಮಗೆ ಕೆಂಪು ತಂದು ಕೊಡ್ತಿದೀನಿ."

ನನಗೆ ಒಳಗೊಳಗೇ ನಾಚಿಕೆಯಾಯಿತು. ಆದರೂ ಬಿಟ್ಟುಕೊಡಲಿಲ್ಲ. "ನೀವೆಲ್ಲ ಒಂದೇ ಥರ ಇದ್ರೆ ನಾನೇನ್ ಮಾಡ್ಲಿ?" ಎಂದೆ.

ಹುಲಿಗಿ ನಕ್ಕಳು. ಅವರು ನಕ್ಕರೆ ಬಾಯಿ ನೇರವಾಗುತ್ತದೆಯೇ ಹೊರತು ಮೇಲಕ್ಕೇಳುವುದಿಲ್ಲ, ನಕ್ಕರೆಂದು ಗೊತ್ತಾಗಬೇಕಾದರೆ ಕಣ್ಣು ನೋಡಬೇಕು. ಅದನ್ನು ನಾನು ಕಂಡುಕೊಂಡದ್ದು ಅವತ್ತೇ. "ನಮಗೂ ನೀವು ಹಂಗೇ ಕಣಕ್ಕ. ಸಾಲಾಗಿಟ್ಟ ಬೇಯಿಸಿದ ಮೊಟ್ಟೆ. ಅದರ ಮ್ಯಾಲೆ ಸದಾ ಹಲ್ಕಿರಿಯೋ ಬಾಯಿ ಬೇರೆ. ಮಣ್ಣುದಡದೋರು ಸಾವಿನ ಮನೇಲೂ ನಗ್ತಾರೆ, ಅವರ ಮಾತು ನಂಬಬ್ಯಾಡ ಅಂತ ನಮ್ಮವ್ವ ಹೇಳ್ತಿದ್ಲು."

ನಗುವ ಬಾಯಿಯನ್ನು ನಂಬಬಾರದು ಎಂದು ಹೊಳೆಯಾಚೆ ಮಕ್ಕಳಿಗೆ ಹೇಳಿಕೊಡುತ್ತಾರೆ ಎನ್ನುವುದನ್ನು ನಾನು ಜನ್ಮದಲ್ಲಿ ಊಹಿಸಿರಲಿಲ್ಲ. ಅವಳು ಹೋದಮೇಲೆ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಿದ್ದೆ. ಆಮೇಲೆ ಮರೆತೆ. ನೆನಪಿಟ್ಟುಕೊಳ್ಳುವ ಗರಜು ನನಗೇನಿತ್ತು?

ಹುಲಿಗಿಯ ಗಂಡ ಮಾಳಿಂಗ. ಕಲ್ಲು ಕಡಿಯುವವನು, ಮೊದಲೆಲ್ಲ ಸುಗ್ಗಿಯ ಹೊತ್ತಿಗೆ ಬೇರೆ ಊರಿನ ಕೆಲಸಕ್ಕೆ ಹೋಗಿರುತ್ತಿದ್ದ. ಅವನಷ್ಟು ದಟ್ಟವಾದ ಕೂಡುಹುಬ್ಬು ನಾನು ಕಂಡಿಲ್ಲ. ಹಣೆಯ ಮೇಲೆ ಕಂಬಳಿಹುಳ ಮಲಗಿದ ಹಾಗೆ. ಅವನು ಮೊದಲ ಸಲ ಸಾಲಿನಲ್ಲಿ ಬಂದು ನಿಂತಾಗ ನನ್ನ ಎದೆ ಕುಣಿದಿತ್ತು, ಒಳ್ಳೆಯ ಕಟ್ಟಿಗೆ ಕಂಡ ಬಡಗಿಗೆ ಕುಣಿಯುವ ಹಾಗೆ. ಆ ವರ್ಷ ಬೊಟ್ಟಿಟ್ಟೆ. ಮರುವರ್ಷವೂ ಅವನಿಗೇ ಇಟ್ಟೆ. ನಾಟಕದಲ್ಲಿ ಅವನು ಬಾಯಿ ತೆರೆಯುವ ಮೊದಲೇ ಕಂಕುಳ ಕೂಸುಗಳು ಅಳುತ್ತಿದ್ದವು.

ಅವನ ಎರಡನೆಯ ವರ್ಷ ಮುಗಿಯಲು ಎರಡು ತಿಂಗಳಿದ್ದಾಗ ನಾನು ಊರಿನ ಪರದೆ ಸುಟ್ಟೆ. ಮುಂಪರದೆ. ನಮ್ಮಜ್ಜ ಬರೆದ ಅರಮನೆ, ನವಿಲು, ಕಾರಂಜಿ ಎಲ್ಲ ಇದ್ದ ಪರದೆ, ಬಣ್ಣದ ಮನೆಯಲ್ಲೇ ಸುತ್ತಿಟ್ಟದ್ದು. ಮಧ್ಯಾಹ್ನ ಮೀಸೆ ಅಂಟಿಸುವ ಅಂಟನ್ನು ಬಣ್ಣದ ಮನೆಯ ಒಲೆಯ ಮೇಲೆ ಕಾಯಲು ಇಟ್ಟಿದ್ದೆ. ಎದುರುಮನೆಯ ಹಸು ಕರು ಹಾಕುತ್ತಿದೆ ಎಂದರು, ನೋಡಲು ಹೋದೆ. ಕರುವಿನ ಕಾಲು ಅಡ್ಡ ಬಂದಿತ್ತು, ಎಲ್ಲರೂ ಸೇರಿ ಎಳೆದೆವು, ಅದು ಎದ್ದು ನಿಲ್ಲುವವರೆಗೆ ಇದ್ದು ಬಿಸಿನೀರು ಕಾಯಿಸಿ ಕೊಟ್ಟು ವಾಪಸು ಬಂದರೆ, ಒಳಗೆ ಹೊಗೆ. ಕೊಡಗಟ್ಟಲೆ ನೀರು ಸುರಿದೆವು. ಉಳಿದದ್ದು ನವಿಲಿನ ಬಾಲ ಒಂದೇ.

ಜನ ಸೇರಿದರು. ಆ ವರ್ಷದ ರಾಜ ಎಣ್ಣೆಗಾಣದ ರುದ್ರಮುನಿ ಬಂದ. ಎತ್ತರದ ಆಳು, ಅಗಲವಾದ ಹಣೆ, ನಾನೇ ಆರಿಸಿದ ಮುಖ. "ಹೆಂಗಾಯ್ತು ಹಾಲವ್ವ?" ಎಂದು ಅವನು ನನ್ನನ್ನು ಕೇಳಲಿಲ್ಲ. ಯಾರೂ ಕೇಳಲಿಲ್ಲ. ಸಂಜೆ ಎಲ್ಲರೂ ಒಟ್ಟಾಗಿ ಒಂಟಿಮನೆಗೆ ಹೋದರು. ನಾನೂ ಹೋದೆ. ಮಾಳಿಂಗ ಆಗತಾನೆ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದ.

"ಪರದೆ ಸುಟ್ಟೋರು ಯಾರು?" ರುದ್ರಮುನಿ ಕೇಳಿದ.

ಮಾಳಿಂಗ ಚೊಂಬು ಕೆಳಗಿಟ್ಟು ನಮ್ಮನ್ನೆಲ್ಲ ಒಂದು ಸಲ ನೋಡಿದ. "ನಾನೇ," ಎಂದ.

ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ಜನ ಮಾತಾಡಿಕೊಂಡದ್ದು ಒಂದೇ. "ಆ ಮುಖ ನೋಡಿದ್ರೇ ಗೊತ್ತಾಗಲ್ವಾ? ಮೂರನೇ ವರ್ಷನೂ ಅವನಿಗೇ ಬೊಟ್ಟಿಟ್ಟು ಹೊಳೆ ದಾಟಿಸಿಬಿಡು ಹಾಲವ್ವ." ನಾನು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಒಂದು ಮಾತು ಹೇಳುತ್ತೇನೆ, ಕೇಳಿ ನಗಬೇಡಿ. ತಿಂಗಳು ಕಳೆಯುವಷ್ಟರಲ್ಲಿ ನನಗೂ ಅದು ಅವನೇ ಮಾಡಿದ್ದು ಅನ್ನಿಸತೊಡಗಿತು. ಅಂಟಿನ ಪಾತ್ರೆ ಇಟ್ಟದ್ದು ನಾನು, ಸರಿ. ಆದರೆ ಒಲೆಯ ಕೆಂಡವನ್ನು ಯಾರಾದರೂ ಕೆದಕಿರಬಹುದಲ್ಲ? ಅವನನ್ನು ದಾರಿಯಲ್ಲಿ ಕಂಡಾಗೆಲ್ಲ ಆ ಹುಬ್ಬಿನ ಕೆಳಗೆ ಏನೋ ಬಚ್ಚಿಟ್ಟುಕೊಂಡ ಹಾಗೆ ಕಾಣುತ್ತಿತ್ತು. ನನ್ನ ಕಣ್ಣು ನನಗೆ ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತಿತ್ತು.

ಬೊಟ್ಟಿಡುವ ಹಿಂದಿನ ದಿನ ಬೆಳಿಗ್ಗೆ ಹುಲಿಗಿ ಕೆಂಪು ಕಲ್ಲು ತಂದಳು. ಎಂದಿನಂತೆ ಅಂಗಳದಲ್ಲಿ ಕೂತು ಅರೆಯತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ನಿನ್ನ ಗಂಡ ಯಾಕೆ ಹಂಗೆ ಮಾಡಿದ ಹುಲಿಗಿ?"

ಅವಳು ತಲೆ ಎತ್ತಲಿಲ್ಲ. "ಅವನು ಅವತ್ತು ಈ ದಡದಾಗೇ ಇರ್ಲಿಲ್ಲ ಕಣಕ್ಕ. ಬೆಳಿಗ್ಗೆಯಿಂದ ನಮ್ಮ ಗುಡ್ಡದಾಗೆ ಚಪ್ಪಡಿ ಕಡೀತಿದ್ದ."

"ಮತ್ತೆ ನಾನೇ ಅಂದ?"

"ಅದೇ ಅಲ್ವಾ ನೀವು ಕೊಟ್ಟ ಪಾರ್ಟು?" ಅವಳು ಗುಂಡುಕಲ್ಲು ನಿಲ್ಲಿಸಿದಳು. "ಎರಡು ವರ್ಷದಿಂದ ಅವನು ನಿಮ್ಮೂರ ಕೋಳಿ ಎಷ್ಟು ಕದ್ದಿದಾನೆ ಗೊತ್ತಾ? ಕದ್ದ ಕೋಳಿ ಎಲ್ಲ ನಮ್ಮ ಮನೇಲಿ ಇದ್ದಿದ್ರೆ ನಾನು ಇಲ್ಲಿ ಕಲ್ಲು ಅರೀತಾ ಇರ್ತಿರಲಿಲ್ಲ."

ನನಗೆ ನಗು ಬಂತು. ಅವಳ ಕಣ್ಣೂ ನಕ್ಕಿತು. ಆಮೇಲೆ ಆ ಕಣ್ಣು ತುಂಬಿಕೊಂಡಿತು. "ನಾಳೆ ನೀವು ಅವನಿಗೇ ಇಡ್ತೀರ. ಗೊತ್ತು. ಮಕ್ಕಳು ಹುಟ್ಟಿದ್ದು ಇಲ್ಲಿ, ಆಡಿದ್ದು ಇಲ್ಲಿ. ದೊಡ್ಡೋಳು ರಾತ್ರಿಯಿಂದ ಗುಬ್ಬಿ ಗೂಡು ಕಟ್ಟೋ ಹಂಗೆ ಬಟ್ಟೆ ಗಂಟು ಕಟ್ತಾ ಬಿಚ್ತಾ ಇದಾಳೆ. ನಾನು ನಿಮ್ಮನ್ನ ಕೇಳಾಕೆ ಬಂದಿಲ್ಲ. ಕೆಂಪು ಒಂದು ವರ್ಷಕ್ಕಾಗೋಷ್ಟು ಅರೆದು ಹೋಗಾನ ಅಂತ ಬಂದೆ. ಬರಮವ್ವನ ಕೈಲಿ ಮರಳು ಬೆರೀತೈತೆ."

ಊರು ಬಿಟ್ಟು ಹೋಗುವವಳು ನನ್ನ ಮಂತ್ರಿಯ ಕೆನ್ನೆ ಉರಿಯದಿರಲಿ ಎಂದು ನೋಡುತ್ತಿದ್ದಳು. ಒಳಗೆ ಹೋಗಿ ಸುಟ್ಟ ನವಿಲಿನ ಬಾಲದ ತುಂಡನ್ನು ಹಿಡಿದುಕೊಂಡು ಕೂತೆ.

ಮರುದಿನ ಕೋಟೆ ಬಯಲು ತುಂಬಿತ್ತು. ಸಾಲಿನಲ್ಲಿ ನೂರಿಪ್ಪತ್ತು ಜನ. ಮಾಳಿಂಗ ಕೊನೆಯವನು, ಕೈಕಟ್ಟಿ ನಿಂತಿದ್ದ. ಅವನ ಹಿಂದೆ ಹುಲಿಗಿ, ಇಬ್ಬರು ಮಕ್ಕಳು. ನಾನು ಎರಡು ಬಟ್ಟಲು ಹಿಡಿದು ಹೊರಟೆ. ಯಾರ ಮುಖವನ್ನೂ ನೋಡದೆ ಸಾಲನ್ನು ದಾಟಿ ಕಲ್ಲುಕಟ್ಟೆಯ ಮೇಲೆ ಹತ್ತಿದೆ. ಕರಿ ಬಟ್ಟಲಿನಲ್ಲಿ ಬೆರಳದ್ದಿದೆ. ನನ್ನ ಹಣೆಯ ಮೇಲೇ ಬೊಟ್ಟಿಟ್ಟುಕೊಂಡೆ.

ನೋಡಲು ಸೇರಿದವರ ಮುಂದಿದ್ದ ಗಂಗಜ್ಜಿ ಚಪ್ಪಾಳೆ ತಟ್ಟಿ, "ದೃಷ್ಟಿ ಬೊಟ್ಟು ಇಟ್ಕಂಡ್ಲು! ಇಟ್ಕ ತಾಯಿ, ಇಟ್ಕ. ಇಷ್ಟು ಜನದ ಕಣ್ಣು ನಿನ್ನ ಮ್ಯಾಲೆ," ಎಂದಳು. ಬಯಲಿಗೆ ಬಯಲೇ ನಕ್ಕಿತು.

"ದೃಷ್ಟಿ ಬೊಟ್ಟಲ್ಲ," ಕೂಗಿದೆ. "ಈ ವರ್ಷ ಖಳನ ಪಾರ್ಟು ನಂದು. ಪರದೆ ಸುಟ್ಟೋಳು ನಾನು. ಒಲೆ ಮ್ಯಾಲೆ ಅಂಟು ಇಟ್ಟು ಕರು ನೋಡಾಕೆ ಹೋಗಿದ್ದೆ. ಮಾಳಿಂಗ ಸುಟ್ಟಿಲ್ಲ."

ನಗು ನಿಂತಿತು. ಆದರೆ ಯಾರೂ ನಂಬಲಿಲ್ಲ! ಜನ ಒಬ್ಬರ ಮುಖವನ್ನೊಬ್ಬರು ನೋಡಿ ತಲೆಯಾಡಿಸಿದರು, ಅಯ್ಯೋ ಪಾಪ ಎನ್ನುವ ಹಾಗೆ. ಗಂಗಜ್ಜಿ ಕಟ್ಟೆಯ ಬಳಿಗೆ ಬಂದು ನನ್ನ ಕಾಲು ಸವರಿದಳು. "ಎಂಥಾ ಮನಸು ನಿಂದು! ಅವನ ಮಕ್ಕಳ ಮುಖ ನೋಡಿ ಕನಿಕರ ಬಂತು, ಅಲ್ವಾ? ಅದಕ್ಕೆ ಇಲ್ಲದ್ದನ್ನ ಮೈಮ್ಯಾಲೆ ಹಾಕ್ಕಬ್ಯಾಡ. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವೇನೆ? ತಾಯಿ ಮುಖ."

"ಅಜ್ಜಿ, ನಾನೇ ಸುಟ್ಟಿದ್ದು!"

"ಹೂಂ ಹೂಂ, ಇಳಿ ಕೆಳಗೆ."

ಅಲ್ಲಿಯವರೆಗೆ ನನಗೆ ಹೆದರಿಕೆ ಇತ್ತು. ಆ ಗಳಿಗೆಯಲ್ಲಿ ಸಿಟ್ಟು ಬಂತು. ಮಾಡದವನು ಒಂದೇ ಮಾತು ಹೇಳಿದ, ಊರು ನಂಬಿತು. ಮಾಡಿದವಳು ಗಂಟಲು ಹರಿಯುವಂತೆ ಹೇಳುತ್ತಿದ್ದೇನೆ, ಕಾಲು ಸವರಿ ಸಮಾಧಾನ ಮಾಡುತ್ತಿದ್ದಾರೆ! ನಾನು ಬಟ್ಟಲಿನೊಳಗೆ ಮೂರು ಬೆರಳು ಅದ್ದಿದೆ. ಇಪ್ಪತ್ತಮೂರು ವರ್ಷದ ಕೈ, ಕನ್ನಡಿ ಬೇಕಿರಲಿಲ್ಲ. ಬಲಹುಬ್ಬಿನ ತುದಿಯಿಂದ ಎಳೆದು ಎಡಹುಬ್ಬಿಗೆ ಕೂಡಿಸಿದೆ. ದಪ್ಪ ಮಾಡಿದೆ. ಹೆಬ್ಬೆರಳಿನಿಂದ ಬಾಯಿಯ ಎರಡೂ ತುದಿಯನ್ನು ಗದ್ದದವರೆಗೆ ಇಳಿಸಿದೆ. ಕೆನ್ನೆಯ ಕೆಳಗೆ ಒಂದೊಂದು ನೆರಳು. ಇಷ್ಟೇ. ಆಮೇಲೆ ತಲೆ ಎತ್ತಿ, ದನಿ ಏರಿಸದೆ, ಮೊದಲಿನ ಮಾತನ್ನೇ ಹೇಳಿದೆ.

"ಪರದೆ ಸುಟ್ಟೋಳು ನಾನು."

ಗಂಗಜ್ಜಿ ನನ್ನ ಕಾಲಿನ ಮೇಲಿದ್ದ ಕೈಯನ್ನು ಬೆಂಕಿ ತಗುಲಿದಂತೆ ಎಳೆದುಕೊಂಡಳು. ಕಟ್ಟೆಯ ಮುಂದಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಯಾವುದೋ ಕೂಸು ಕಿಟಾರನೆ ಕಿರುಚಿತು. ಹಿಂದಿನಿಂದ ಒಬ್ಬ, ಯಾರೆಂದು ಹೇಳುವುದಿಲ್ಲ, ನಮ್ಮ ಕಡೆಯವನೇ, "ನಂಗೆ ಅವತ್ತೇ ಅನುಮಾನ ಇತ್ತು," ಎಂದ.

ನನಗೆ ಆಗ ಹುಚ್ಚು ಹಿಡಿದಷ್ಟು ಉಮೇದು. ಸೆರಗಿನಿಂದ ಮುಖದ ಎಡ ಅರ್ಧವನ್ನು ಒರೆಸಿಕೊಂಡೆ. ಎಡಗಡೆ ನಿಂತವರ ಕಡೆ ಒರೆಸಿದ ಕೆನ್ನೆ ತಿರುಗಿಸಿ "ನಾನು ಸುಟ್ಟೆ" ಎಂದರೆ ಅವರು ಅಯ್ಯೋ ಎನ್ನುತ್ತಿದ್ದರು. ಬಲಗಡೆಯವರ ಕಡೆ ಬಣ್ಣದ ಕೆನ್ನೆ ತಿರುಗಿಸಿ ಅದನ್ನೇ ಅಂದರೆ ಅವರು ಹಲ್ಲು ಕಚ್ಚುತ್ತಿದ್ದರು. ಮೂರು ಸಲ ತಿರುಗಿದೆ. ನಾಲ್ಕನೆಯ ಸಲ ತಿರುಗುವಾಗ ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಗುಜುಗುಜು ಎದ್ದಿತು.

"ಸಾಕು ಹಾಲವ್ವ," ರುದ್ರಮುನಿ ಮುಂದೆ ಬಂದ. "ಪೂರಾ ಒರೆಸ್ಕ."

ಒರೆಸಿಕೊಂಡೆ.

"ಈಗ ಹೇಳು."

ಹೇಳಿದೆ. ಕರುವಿನ ಕಾಲು ಅಡ್ಡ ಬಂದದ್ದು, ಹೊಗೆ ಕಂಡದ್ದು, ಸಂಜೆ ಅವರ ಜೊತೆ ನಾನೂ ಒಂಟಿಮನೆಗೆ ಹೋಗಿ ಬಾಯಿ ಮುಚ್ಚಿಕೊಂಡು ನಿಂತದ್ದು. ರುದ್ರಮುನಿ ಕಣ್ಣು ಮುಚ್ಚಿಕೊಂಡು ಕೇಳಿದ. ಕೇಳಿ ಮುಗಿದ ಮೇಲೆ ಸಾಲಿನ ಕೊನೆಯವರೆಗೂ ನಡೆದು ಹೋಗಿ ಮಾಳಿಂಗನ ಎದುರು ನಿಂತ.

"ಮಾಳಿಂಗ, ಅವತ್ತು ನೀನು ಎಲ್ಲಿದ್ದೆ?"

ಯಾರು ಮಾಡಿದ್ದು ಎಂದು ಕೇಳುವ ಊರು ನಮ್ಮದು. ಎಲ್ಲಿದ್ದೆ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಾಳಿಂಗನಿಗೂ ಅದು ಹೊಸದು. ಅವನು ಹೆಂಡತಿಯ ಕಡೆ ನೋಡಿದ. ಅವಳು ತಲೆ ಆಡಿಸಿದಳು.

"ಗುಡ್ಡದಾಗೆ ಚಪ್ಪಡಿ ಕಡೀತಿದ್ದೆ ಬುದ್ದಿ. ನಿಮ್ಮೂರ ಬಾವಿಕಟ್ಟೆಗೇ."

ಆ ಚಪ್ಪಡಿಯ ಮೇಲೆ ಕೊಡ ಇಟ್ಟು ನೀರು ಸೇದದವರು ಆ ಬಯಲಿನಲ್ಲಿ ಯಾರೂ ಇರಲಿಲ್ಲ. ರುದ್ರಮುನಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಆಮೇಲೆ ಎದ್ದು, ಊರಿಗೆಲ್ಲ ಕೇಳುವಂತೆ ಹೇಳಿದ: "ಖಳನ ಪಾರ್ಟು ಹಾಲವ್ವಂದು. ಮಾಳಿಂಗ, ನೀನು ಕೇಳು. ನಿನಗೆ ಯಾವ ಪಾರ್ಟು ಬೇಕು? ರಾಜನ ಪಾರ್ಟು ಬೇಕಂದ್ರೂ ಬಿಟ್ಟುಕೊಡ್ತೀನಿ."

ನನಗಂತೂ ಆಹಾ, ತಗೋ ಮಾಳಿಂಗ, ತಗೋ ಎಂದು ಕೂಗಬೇಕೆನಿಸಿತ್ತು.

ಅವನು ತಲೆ ಕೆರೆದುಕೊಂಡ. "ನಂಗೆ ಯಾವ ಪಾರ್ಟೂ ಬ್ಯಾಡ ಬುದ್ದಿ. ಎರಡು ವರ್ಷ ನಾಟಕದಾಗೆ ಇದ್ದೀನಿ, ಒಂದು ಸಲನೂ ನಾಟಕ ನೋಡಿಲ್ಲ. ಮುಂದೆ ಚಾಪೆ ಹಾಕ್ಕಂಡು, ಹೆಂಡ್ತಿ ಮಕ್ಕಳ ಜೊತೆ ಕೂತು ನೋಡಬೇಕು. ಅಷ್ಟೇ."

ಇಷ್ಟಾದ ಮೇಲೆ ಊರು ಒಮ್ಮೆಗೇ ಬದಲಾಯಿತು ಎಂದುಕೊಳ್ಳಬೇಡಿ. ಉಳಿದ ಪಾರ್ಟುಗಳನ್ನು ಯಾರು ಆರಿಸಬೇಕು ಎಂದು ದಿನವಿಡೀ ಗದ್ದಲವಾಯಿತು. ನನ್ನ ಕೈಯಲ್ಲಿ ಇನ್ನು ಬಿಳಿ ಬಟ್ಟಲು ಇರುವಂತಿಲ್ಲ, ನಾನು ಖಳ. ಕೊನೆಗೆ ಯಾವುದಕ್ಕೂ ಒಮ್ಮತ ಬಾರದೆ ಹೋದ ವರ್ಷದವರೇ ಇರಲಿ ಎಂದು ಬಿಟ್ಟರು. ಕೆಲವರು ನನ್ನನ್ನು ಕಂಡರೆ ದಾರಿ ಬಿಟ್ಟು ನಡೆಯತೊಡಗಿದರು. ಇನ್ನು ಕೆಲವರು, ಗಂಗಜ್ಜಿಯಂಥವರು, ಇದೆಲ್ಲ ನನ್ನ ದೊಡ್ಡ ಮನಸ್ಸಿನ ಆಟ ಎಂದೇ ನಂಬಿಕೊಂಡು ಹಪ್ಪಳ ತಂದು ಕೊಡುತ್ತಿದ್ದರು. ಹತ್ತು ದಿನ ನಾನು ಚಂಡವರ್ಮನ ಮಾತು ಉರು ಹೊಡೆದೆ. ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ರಂಗ ಹತ್ತುವವಳು! ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ, ಆದರೂ ಮೈಯೆಲ್ಲ ಹಗುರ.

ನಾಟಕದ ದಿನ ನನ್ನ ಮುಖಕ್ಕೆ ಬಣ್ಣ ಹಚ್ಚಲು ಹುಲಿಗಿಯನ್ನು ಕರೆದೆ. ಹತ್ತು ವರ್ಷಕ್ಕೂ ಹೆಚ್ಚು ಬಣ್ಣ ಅರೆದವಳು, ಒಮ್ಮೆಯೂ ಹಚ್ಚಿದವಳಲ್ಲ. ಬೆರಳಿನಲ್ಲಿ ಬಣ್ಣ ತೆಗೆದುಕೊಂಡು ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಯಾವ ಥರ ಖಳ ಮಾಡ್ಲಿ ಅಕ್ಕ? ನಿಮ್ಮ ಕಡೇದಾ, ನಮ್ಮ ಕಡೇದಾ?"

"ನಿಮ್ಮ ಕಡೆ ಖಳ ಹೆಂಗಿರ್ತಾನೆ?"

"ನಿಮ್ಮ ಹಂಗೇ," ಎಂದಳು. ಅವಳ ಕಣ್ಣು ನಕ್ಕಿತು.

"ಹಂಗಾದ್ರೆ ಅದೇ ಮಾಡು," ಎಂದೆ.

ಅವಳು ಹುಬ್ಬನ್ನು ಕೂಡಿಸಲಿಲ್ಲ. ನಡುವಿನ ಜಾಗಕ್ಕೆ ಬಿಳಿ ಹಚ್ಚಿ ಇನ್ನೂ ಅಗಲ ಮಾಡಿದಳು. ಕೆನ್ನೆಯನ್ನು ಇನ್ನೂ ಉಬ್ಬಿಸಿದಳು. ಬಾಯಿಯ ತುದಿಯನ್ನು ಕಿವಿಯತನಕ ಎಳೆದು ಕೆಂಪು ತುಂಬಿದಳು. ಕನ್ನಡಿಯಲ್ಲಿ ನೋಡಿಕೊಂಡರೆ ನಮ್ಮವರ ಕಣ್ಣಿಗೆ ನಾನು ಅನ್ನಪೂರ್ಣೆ.

ಬಯಲಿನಲ್ಲಿ ಮುಂದೆ ನಮ್ಮವರ ಚಾಪೆಗಳು. ಹಿಂದೆ ಕೋಟೆಯ ಬಂಡೆಗಳ ಮೇಲೆ, ಪ್ರತಿ ವರ್ಷದ ಹಾಗೆ, ಸೇತುವೆ ದಾಟಿ ನೋಡಲು ಬಂದ ಕಲ್ಲುದಡದವರು. ಹೊಸ ಪರದೆಗೆ ಇನ್ನೂ ಚಿತ್ರ ಬರೆದಿರಲಿಲ್ಲ, ಬರಿ ಬಿಳಿ ಬಟ್ಟೆ. ಅದು ಸರಿಯಿತು, ನಾನು ಹೆಜ್ಜೆಯಿಟ್ಟೆ, ನಕ್ಕೆ. ಚಾಪೆಯ ಮೇಲಿನವರು "ಆಹಾ" ಎಂದರು. ಬಂಡೆಗಳ ಮೇಲಿನವರು ಒಟ್ಟಿಗೇ "ಥೂ!" ಎಂದರು. ಬಂಡೆಯ ಮೇಲೆ ಕೂಸುಗಳು ಅತ್ತವು. ನಮ್ಮವರು ಕತ್ತು ತಿರುಗಿಸಿ ಹಿಂದೆ ನೋಡಿದರು, ಇವರಿಗೇನಾಯಿತು ಎಂದು. ರಾಜನ ಮುದ್ರೆಯುಂಗುರ ಕದಿಯುವಾಗ ಮುಂದಿನವರು ಪಾಪ, ಏನು ಕಷ್ಟವೋ ಎಂದು ಲೊಚಗುಟ್ಟುತ್ತಿದ್ದರೆ, ಹಿಂದಿನವರು ಎದ್ದು ನಿಂತು "ಹಿಡೀರಿ ಅವಳನ್ನ!" ಎನ್ನುತ್ತಿದ್ದರು. ರುದ್ರಮುನಿ ರಂಗಕ್ಕೆ ಬಂದಾಗ ಇನ್ನೂ ತಮಾಷೆ. ಅವನ ಆ ಚೆಂದದ ಮುಖಕ್ಕೂ ಬಂಡೆಗಳಿಂದ "ಥೂ!" ಬಿತ್ತು. ರಾಜ ಗಾಬರಿಯಾಗಿ ಕಿರೀಟ ಸರಿಮಾಡಿಕೊಂಡ. ಹಿಂದಿನ ವರ್ಷಗಳಲ್ಲೂ ಅವರು ಹೀಗೇ ಉಗುಳುತ್ತಿದ್ದರೋ ಏನೋ, ನಾವು ಯಾವತ್ತೂ ಕಿವಿಗೊಟ್ಟಿರಲಿಲ್ಲ.

ಮುಂದಿನ ಚಾಪೆಯ ಮೇಲೆ ಮಾಳಿಂಗ ಇದ್ದ. ತಪ್ಪು ಜಾಗದಲ್ಲೆಲ್ಲ ಗಹಗಹಿಸಿ ನಗುತ್ತಿದ್ದ, ಹಾಸ್ಯಗಾರ ಬಂದಾಗ ಮಾತ್ರ ಗಂಭೀರವಾಗಿ ಕೂತು ನೋಡುತ್ತಿದ್ದ. ಮೂರನೆಯ ಅಂಕದಲ್ಲಿ ನನ್ನ ದೊಡ್ಡ ಮಾತು ಬಂತು. ರಾಜನನ್ನು ಕಂಬಕ್ಕೆ ಕಟ್ಟಿ ಚಂಡವರ್ಮ ಆರ್ಭಟಿಸುವ ಮಾತು. ಬಾಯಿ ತೆರೆದೆ. ಒಂದಕ್ಷರವೂ ಇಲ್ಲ! ತಲೆಯೊಳಗೆ ಖಾಲಿ ಮಡಕೆ. ಹಾರ್ಮೋನಿಯಂ ಮೇಷ್ಟ್ರು ಅದೇ ಸ್ವರವನ್ನು ನಾಲ್ಕು ಸಲ ಎಳೆದರು. ಇಡೀ ಬಯಲು ಕಾಯುತ್ತಿತ್ತು. ಆಗ ಚಾಪೆಯ ಮೇಲಿಂದ ಗುಡ್ಡ ಕುಸಿದಂಥ ದನಿ: "ಎಲವೋ ಸುಕೀರ್ತಿ! ನಿನ್ನ ಕಿರೀಟದ ಭಾರ ನಿನ್ನ ಕತ್ತಿಗಿಂತ ದೊಡ್ಡದಾಯಿತೇ?"

ಮಾಳಿಂಗ ಕೂತಲ್ಲಿಂದಲೇ ಹೇಳಿಕೊಟ್ಟ. ನಾನು ಹೇಳಿದೆ. ಅವನು ಮುಂದಿನ ಸಾಲು ಹೇಳಿದ. ನಾನು ಅದನ್ನೂ ಹೇಳಿದೆ. ಎರಡನೆಯ ಸಾಲಿಗೆ ಅವನು ಎದ್ದು ನಿಂತಿದ್ದ, ಮೂರನೆಯದಕ್ಕೆ ಕೈ ಬೀಸುತ್ತಿದ್ದ, ಅವನ ಮಗಳು ಅವನ ಅಂಗಿ ಹಿಡಿದು "ಅಪ್ಪಾ, ಕೂತ್ಕಳೋ!" ಎಂದು ಜಗ್ಗುತ್ತಿದ್ದಳು. ಕಂಬಕ್ಕೆ ಕಟ್ಟಿದ್ದ ರುದ್ರಮುನಿಗೆ ನಗು ತಡೆಯಲಾಗದೆ ಹೊಟ್ಟೆ ಕುಲುಕುತ್ತಿತ್ತು. ಮಾತು ಮುಗಿದಾಗ ಮುಂದಿನವರು, ಹಿಂದಿನವರು, ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ನನಗೋ ಅವನಿಗೋ ಗೊತ್ತಿಲ್ಲ. ನನ್ನ ಕಣ್ಣಿನ ಕಾಡಿಗೆ ಕರಗಿ ಕೆನ್ನೆಗೆ ಇಳಿಯುತ್ತಿತ್ತು.

ಹೊತ್ತು ಮುಳುಗುವಾಗ, ಬಣ್ಣ ತೊಳೆಯದೆ, ಹುಣಸೆತೋಪನ್ನು ದಾಟಿ ಒಂಟಿಮನೆಗೆ ಬಂದೆ. ಬಾಗಿಲ ಬಳಿ ಹುಲಿಗಿ ಒಂದು ಕೊಡ ನೀರು, ಬುತ್ತಿ ಇಟ್ಟು ಹೋಗಿದ್ದಳು. ದಣಿವಿಗೆ ಹಾಗೆಯೇ ಮಲಗಿಬಿಟ್ಟೆ.

ಬೆಳಕು ಹರಿಯುವ ಮೊದಲೇ ಯಾರೋ ಬಾಗಿಲು ಬಡಿದರು. ಗಂಗಜ್ಜಿ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅರವತ್ತೈದು ವರ್ಷದ ರೂಢಿ, ನನ್ನ ಮುಖವನ್ನೂ ನೋಡದೆ ಶುರು ಮಾಡಿದಳು. "ನಮ್ಮ ಹಿತ್ತಲ ಬಳ್ಳಿಲಿದ್ದ ಕುಂಬಳಕಾಯಿ ಹೋಗೈತೆ. ಬೀಜಕ್ಕೆ ಅಂತ ಬಿಟ್ಟಿದ್ದು. ಯಾರು ಕಿತ್ತಿದ್ದು?"

ನಾನು ಹೊಸ್ತಿಲ ಮೇಲೆ ನಿಂತೆ. ನಾಲಿಗೆಯ ತುದಿಗೆ ಬಂದ "ನಾನೇ" ಎಂಬುದನ್ನು ನುಂಗಿಕೊಂಡೆ.

"ನಾನಲ್ಲ ಅಜ್ಜಿ," ಎಂದೆ.

ಅವಳು ಸರಿಯಾಗಿ ಕೇಳಿಸಲಿಲ್ಲವೆನ್ನುವಂತೆ ಕಿವಿಯನ್ನು ಮುಂದೆ ತಂದಳು. "ಏನಂದೆ?"

"ನಾನಲ್ಲ. ನಾನು ಇಲ್ಲಿ ಮಲಗಿದ್ದೆ."

"ಹಂಗಂದ್ರೆ?" ಊರಿನ ಕಡೆ ತಿರುಗಿ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಕಡೆಗೆ ಬಹಳ ಸಣ್ಣ ದನಿಯಲ್ಲಿ, ಯಾವುದೋ ಗೊತ್ತಿಲ್ಲದ ಬೀದಿಯಲ್ಲಿ ನಿಂತವಳಂತೆ ಕೇಳಿದಳು: "ಮತ್ತೆ... ಯಾರು?"

"ನಂಗೂ ಗೊತ್ತಿಲ್ಲ," ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲಿಳಿದೆ. "ನಡಿ ಅಜ್ಜಿ. ಮೊದಲು ಬಳ್ಳಿ ಹತ್ರ ಹೋಗಿ ಹೆಜ್ಜೆ ಗುರುತು ಐತಾ ನೋಡಾನ."